ಹಿಮದ ನಾಡಿನ ಕರಾಳ ಕನ್ನಡಿ

1975ರಲ್ಲಿ ಕೆನಡಾದ 'ಸ್ಯಾಟರ್ಡೇ ನೈಟ್' ಎಂಬ ಪ್ರತಿಷ್ಠಿತ ನಿಯತಕಾಲಿಕ ಒಂದು ಚಿತ್ರವಿಮರ್ಶೆಯನ್ನು ಪ್ರಕಟಿಸಿತು. ಚಿತ್ರದ ಹೆಸರು 'ಶಿವರ್ಸ್'. ನಿರ್ದೇಶಕ ಡೇವಿಡ್ ಕ್ರೋನೆನ್‌ಬರ್ಗ್ ಎಂಬ ಟೊರಾಂಟೊದ ತರುಣ. ಮಾಂಟ್ರಿಯಲ್‌ನ ದ್ವೀಪವೊಂದರಲ್ಲಿ ಸಕಲ ಸೌಕರ್ಯಗಳಿರುವ ಬಹುಮಹಡಿ ವಸತಿ ಕಟ್ಟಡ. ಅಲ್ಲಿ ವೈದ್ಯನೊಬ್ಬ ಪ್ರಯೋಗಕ್ಕೆಂದು ಬೆಳೆಸಿದ ಪರೋಪಜೀವಿ ದೇಹದಿಂದ ದೇಹಕ್ಕೆ ದಾಟುತ್ತ ಸಭ್ಯ ನಿವಾಸಿಗಳನ್ನೆಲ್ಲ ಕಾಮೋನ್ಮತ್ತರನ್ನಾಗಿ ಮಾಡುತ್ತದೆ. ಕಥೆ ಇಷ್ಟೆ. ಪತ್ರಿಕೆಯ ಸಂಪಾದಕ ರಾಬರ್ಟ್ ಫುಲ್‌ಫೋರ್ಡ್ ಗುಪ್ತನಾಮದಲ್ಲಿ ಬರೆದ ಆ ವಿಮರ್ಶೆಯ ತಲೆಬರಹವೇ ಒಂದು ಏಟಿನಂತಿತ್ತು. ಈ ಚಿತ್ರ ಎಷ್ಟು ಕೆಟ್ಟದ್ದೆಂಬುದು ನಿಮಗೆ ಗೊತ್ತಿರಬೇಕು, ಏಕೆಂದರೆ ಇದಕ್ಕೆ ದುಡ್ಡು ಕೊಟ್ಟವರು ನೀವೇ ಎಂಬುದು ಅದರ ಭಾವ.

ಆ ಮಾತು ನಿಜವೇ ಆಗಿತ್ತು. ಚಿತ್ರಕ್ಕೆ ಸರ್ಕಾರದ ಚಲನಚಿತ್ರ ನಿಗಮದ ನೆರವಿತ್ತು. ಸಂಸತ್ತಿನಲ್ಲಿಯೂ ಪ್ರಶ್ನೆಯೆದ್ದಿತು. ವಿಮರ್ಶೆಯ ಬಿಸಿ ನಿರ್ದೇಶಕನ ಮನೆಯವರೆಗೂ ತಲುಪಿ, ಬಾಡಿಗೆ ಕರಾರಿನಲ್ಲಿದ್ದ ನೈತಿಕ ನಡತೆಯ ಷರತ್ತಿನ ಆಧಾರದಲ್ಲಿ ಆತನನ್ನು ಮನೆಯಿಂದಲೇ ಬಿಡಿಸಲಾಯಿತು. ಆದರೆ ಚಿತ್ರ ಹಲವು ದೇಶಗಳಲ್ಲಿ ಓಡಿತು. ನಿಗಮ ಹಾಕಿದ ಹಣ ಹಿಂತಿರುಗಿತು. ಘನತೆವೆತ್ತ ಚಿತ್ರಗಳಲ್ಲಿ ಅನೇಕವು ಹಾಕಿದ ಬಂಡವಾಳವನ್ನೂ ಹುಟ್ಟಿಸದೆ ಹೋದ ಕಾಲದಲ್ಲಿ ಇದು ನಿಗಮಕ್ಕೂ ಮುಜುಗರದ ಲಾಭವಾಗಿದ್ದಿರಬೇಕು.

ಒಂದು ದೇಶ ತನ್ನ ಪ್ರಜೆಗಳ ತೆರಿಗೆಯ ಹಣದಲ್ಲಿ ಇಂಥ ಚಿತ್ರ ತೆಗೆಸಬಹುದೇ? ಈ ಪ್ರಶ್ನೆ ಅಂದು ಇತ್ಯರ್ಥವಾಗಲಿಲ್ಲ, ಇಂದಿಗೂ ಆಗಿಲ್ಲ. ಆದರೆ ಅದಾದ ನಂತರದ ದಶಕಗಳಲ್ಲಿ ಕೆನಡಾ ಎಂದೊಡನೆ ಜಗತ್ತಿನ ಚಿತ್ರರಸಿಕರಿಗೆ ನೆನಪಾಗತೊಡಗಿದ್ದು ಇಂಥ ಕರಾಳ, ವಿಲಕ್ಷಣ, ಜಾಡು ತಪ್ಪಿದ ಚಿತ್ರಗಳೇ. ಶಿಸ್ತಿಗೆ, ಸೌಜನ್ಯಕ್ಕೆ ಹೆಸರಾದ ಜನರ ತೆರೆಯ ಮೇಲೆ ಇಷ್ಟು ಕತ್ತಲೆ ಎಲ್ಲಿಂದ ಬಂತು? ಅದನ್ನು ನೋಡಿ ಇಷ್ಟಪಡುವವರು ಅದರಲ್ಲಿ ಏನನ್ನು ಕಾಣುತ್ತಾರೆ?

ನೆರೆಮನೆಯ ನೆರಳು

ಕೆನಡಾದ ಚಿತ್ರೋದ್ಯಮದ ಕಷ್ಟವನ್ನು ಅರಿಯಲು ಭೂಪಟ ನೋಡಿದರೆ ಸಾಕು. ಅದರ ಜನಸಂಖ್ಯೆಯ ಬಹುಪಾಲು ಅಮೆರಿಕದ ಗಡಿಯ ಸಮೀಪದಲ್ಲೇ ವಾಸಿಸುತ್ತದೆ. ಕ್ವಿಬೆಕ್ ಪ್ರಾಂತ್ಯದ ಫ್ರೆಂಚರನ್ನು ಬಿಟ್ಟರೆ ಹೆಚ್ಚಿನವರ ಭಾಷೆ ಇಂಗ್ಲಿಷ್. ಹೀಗಾಗಿ ಹಾಲಿವುಡ್ ಮೊದಲಿನಿಂದಲೂ ಕೆನಡಾವನ್ನು ಪರದೇಶವೆಂದು ಎಣಿಸಲಿಲ್ಲ, ತನ್ನ ಸ್ವದೇಶಿ ಮಾರುಕಟ್ಟೆಯ ಒಂದು ಭಾಗವೆಂದೇ ಲೆಕ್ಕ ಹಾಕಿತು. ದೇಶದ ಅತಿ ದೊಡ್ಡ ಚಿತ್ರಮಂದಿರ ಸಮೂಹಗಳಲ್ಲೊಂದಾದ 'ಫೇಮಸ್ ಪ್ಲೇಯರ್ಸ್' ದಶಕಗಳ ಕಾಲ ಪ್ಯಾರಾಮೌಂಟ್ ಕಂಪನಿಯ ಹಿಡಿತದಲ್ಲಿತ್ತು. ಅಂಗಡಿಯೂ ಅವರದೇ, ಸರಕೂ ಅವರದೇ.

ಎರಡನೇ ಮಹಾಯುದ್ಧದ ನಂತರ ವಿದೇಶಿ ವಿನಿಮಯದ ಬಿಕ್ಕಟ್ಟು ತಲೆದೋರಿದಾಗ, ಹಾಲಿವುಡ್ ಚಿತ್ರಗಳಿಗೆ ಮಿತಿ ಹಾಕಬೇಕೆಂಬ ಮಾತು ಬಂತು. ಆಗ ಆದ ಒಪ್ಪಂದ ಇಂದು ಓದಿದರೆ ನಗು ತರಿಸುತ್ತದೆ. 1948ರ 'ಕೆನಡಿಯನ್ ಕೋಆಪರೇಷನ್ ಪ್ರಾಜೆಕ್ಟ್' ಎಂಬ ಆ ಏರ್ಪಾಡಿನ ಪ್ರಕಾರ, ಕೆನಡಾ ಸರ್ಕಾರ ಮಿತಿ ಹಾಕುವುದಿಲ್ಲ. ಪ್ರತಿಯಾಗಿ ಹಾಲಿವುಡ್ ತನ್ನ ಚಿತ್ರಗಳ ಸಂಭಾಷಣೆಯಲ್ಲಿ ಆಗಾಗ ಕೆನಡಾದ ಹೆಸರು ಹೇಳುತ್ತದೆ! ಅದರಿಂದ ಪ್ರವಾಸಿಗಳು ಬರುತ್ತಾರೆಂಬುದು ಲೆಕ್ಕಾಚಾರ. 1952ರ 'ಬೆಂಡ್ ಆಫ್ ದಿ ರಿವರ್' ಎಂಬ ಕೌಬಾಯ್ ಚಿತ್ರದಲ್ಲಿ ಕಾಡಿನಲ್ಲಿ ಕೇಳಿಬಂದ ಹಕ್ಕಿಯ ದನಿಯೊಂದನ್ನು ಕೆನಡಾದ ಹಕ್ಕಿಯೆಂದು ಪಾತ್ರವೊಂದು ಹೇಳುತ್ತದೆ. ಹತ್ತು ವರ್ಷ ನಡೆದ ಈ ಏರ್ಪಾಡಿನಲ್ಲಿ ಒಂದು ರಾಷ್ಟ್ರಕ್ಕೆ ದಕ್ಕಿದ್ದು ಇಂಥ ಹಕ್ಕಿಯ ಕೂಗುಗಳಷ್ಟೇ.

ಕಥಾಚಿತ್ರದ ಬಾಗಿಲು ಹೀಗೆ ಮುಚ್ಚಿದ್ದರಿಂದ ದೇಶದ ಪ್ರತಿಭೆ ಬೇರೆ ಕಡೆ ಹರಿಯಿತು. 1939ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಫಿಲ್ಮ್ ಬೋರ್ಡ್ ಅದಕ್ಕೆ ಆಶ್ರಯವಾಯಿತು. ಅದರ ಮೊದಲ ಮುಖ್ಯಸ್ಥ ಸ್ಕಾಟ್ಲೆಂಡ್ ಮೂಲದ ಜಾನ್ ಗ್ರಿಯರ್ಸನ್, ಸಾಕ್ಷ್ಯಚಿತ್ರ ಚಳವಳಿಯ ಪಿತಾಮಹ ಎನಿಸಿಕೊಂಡವರು. ಸರ್ಕಾರಿ ಸಂಸ್ಥೆಯಾದರೂ ಅಲ್ಲಿ ಪ್ರಯೋಗಕ್ಕೆ ಅವಕಾಶವಿತ್ತು. ಅಲ್ಲಿನ ನಾರ್ಮನ್ ಮೆಕ್‌ಲಾರೆನ್ 1952ರಲ್ಲಿ 'ನೇಬರ್ಸ್' ಎಂಬ ಎಂಟು ನಿಮಿಷದ ಚಿತ್ರ ಮಾಡಿದರು. ಅಕ್ಕಪಕ್ಕದ ಮನೆಯ ಇಬ್ಬರು ಸ್ನೇಹದಿಂದ ಕುಳಿತಿರುವಾಗ ನಡುವೆ ಒಂದು ಹೂವು ಅರಳುತ್ತದೆ. ಹೂವು ಯಾರದು ಎಂಬ ಜಗಳ ಬೇಲಿಗೆ, ಬೇಲಿಯಿಂದ ಹೊಡೆದಾಟಕ್ಕೆ, ಕೊನೆಗೆ ಹೆಂಡಿರು ಮಕ್ಕಳ ಕೊಲೆಗೆ ಹೋಗಿ ಮುಟ್ಟುತ್ತದೆ. ಜೀವಂತ ನಟರನ್ನೇ ಗೊಂಬೆಗಳಂತೆ ಒಂದೊಂದು ಚೌಕಟ್ಟಿಗೆ ನಿಲ್ಲಿಸಿ ತೆಗೆದ ಈ ಚಿತ್ರಕ್ಕೆ ಆಸ್ಕರ್ ಬಂತು. ಮಗುವನ್ನು ಕೊಲ್ಲುವ ದೃಶ್ಯವನ್ನು ಮಾತ್ರ ಬಹುಕಾಲ ಕತ್ತರಿಸಿ ತೋರಿಸಿದರು. ವಿಯೆಟ್ನಾಂ ಯುದ್ಧದ ದಿನಗಳಲ್ಲಿ ಅದು ಮರಳಿ ಸೇರಿತು. ಆಟದಂತೆ ಶುರುವಾಗಿ ನಡುಕ ಹುಟ್ಟಿಸುವ ಈ ಬಗೆಯನ್ನು ಮುಂದೆ ಬಂದ ಅನೇಕ ಚಿತ್ರಗಳಲ್ಲಿ ಕಾಣಬಹುದು.

ಗೆಲ್ಲದ ನಾಯಕರು

1967ರಲ್ಲಿ ಸಂಸತ್ತು ಒಂದು ಕೋಟಿ ಡಾಲರ್ ಮೂಲಧನದೊಂದಿಗೆ ಕೆನಡಿಯನ್ ಫಿಲ್ಮ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಸ್ಥಾಪಿಸಲು ಕಾನೂನು ಮಾಡಿತು. ಮುಂದೆ ಟೆಲಿಫಿಲ್ಮ್ ಕೆನಡಾ ಎಂಬ ಹೆಸರು ಪಡೆದ ನಿಗಮ ಇದೇ. ದೇಶಕ್ಕೆ ತನ್ನದೇ ಕಥೆಗಳು ಬೇಕು ಎಂಬುದು ಅದರ ಉದ್ದೇಶ. ಆದರೆ ಆ ಕಥೆಗಳು ತೆರೆಗೆ ಬಂದಾಗ ಅವುಗಳಲ್ಲಿ ಗೆದ್ದವರು ಸಿಗಲಿಲ್ಲ.

ಡಾನ್ ಶೆಬಿಬ್ ಅವರ 'ಗೋಯಿಂಗ್ ಡೌನ್ ದಿ ರೋಡ್' (1970) ಚಿತ್ರದಲ್ಲಿ ಪೂರ್ವ ಕರಾವಳಿಯ ಇಬ್ಬರು ಬಡ ಯುವಕರು ಹಳೆಯ ಕಾರೊಂದರಲ್ಲಿ ಟೊರಾಂಟೊಗೆ ಬರುತ್ತಾರೆ. ನಗರ ಅವರಿಗೆ ಬಾಟಲಿ ತುಂಬುವ ಕೆಲಸ ಕೊಡುತ್ತದೆ, ಆಮೇಲೆ ಅದನ್ನೂ ಕಿತ್ತುಕೊಳ್ಳುತ್ತದೆ. ಕೊನೆಗೆ ದಿನಸಿ ಕದ್ದು, ಒಬ್ಬ ಗರ್ಭಿಣಿ ಹೆಂಡತಿಯನ್ನೂ ಬಿಟ್ಟು, ಇಬ್ಬರೂ ಇನ್ನೂ ಪಶ್ಚಿಮಕ್ಕೆ ಓಡುತ್ತಾರೆ. ಹಾಲಿವುಡ್ಡಿನಲ್ಲಿ ರಸ್ತೆಯೆಂದರೆ ಬಿಡುಗಡೆ, ಇಲ್ಲಿ ಅದು ಪಲಾಯನ.

ಮರುವರ್ಷ ಬಂದ ಕ್ಲೋಡ್ ಜುತ್ರಾ ಅವರ 'ಮೋನೊಂಕ್ಲ್ ಆಂತ್ವಾನ್' (ನನ್ನ ಮಾವ ಆಂತ್ವಾನ್) ಇನ್ನೂ ಆಳವಾದ ಚಿತ್ರ. ಅದು ಕ್ವಿಬೆಕ್‌ನ ಕಲ್ನಾರಿನ ಗಣಿ ಊರು, 1940ರ ದಶಕ, ಕ್ರಿಸ್‌ಮಸ್ ಹಿಂದಿನ ದಿನ. ಗಣಿಯ ಒಡೆಯ ಗಾಡಿಯಲ್ಲಿ ಬಂದು ಕಾರ್ಮಿಕರ ಮಕ್ಕಳ ಕಡೆಗೆ ಅಗ್ಗದ ಉಡುಗೊರೆಗಳನ್ನು ಎಸೆಯುತ್ತ ಹೋಗುತ್ತಾನೆ. ಊರಿನ ದಿನಸಿ ಅಂಗಡಿಯವನೇ ಶವಸಂಸ್ಕಾರದ ವ್ಯವಸ್ಥೆಯನ್ನೂ ನೋಡುವ ಆಂತ್ವಾನ್. ದೂರದ ಮನೆಯೊಂದರಲ್ಲಿ ಹುಡುಗನೊಬ್ಬ ತೀರಿಕೊಂಡನೆಂದು ತಿಳಿದು, ಅವನು ಹದಿಹರೆಯದ ಸೋದರಳಿಯ ಬೆನ್ವಾನನ್ನು ಕರೆದುಕೊಂಡು ಜಾರುಗಾಡಿಯಲ್ಲಿ ಶವ ತರಲು ಹೋಗುತ್ತಾನೆ. ಹಿಂತಿರುಗುವಾಗ ಕುಡಿದ ಅಮಲು, ಹಿಮಗಾಳಿ, ಕತ್ತಲೆ. ಪೆಟ್ಟಿಗೆ ಗಾಡಿಯಿಂದ ಜಾರಿ ಬೀಳುತ್ತದೆ. ಅದನ್ನು ಎತ್ತಲಾರದ ಆಂತ್ವಾನ್, ಜೀವಮಾನವಿಡೀ ಹೆಣಗಳಿಗೆ ಹೆದರಿಕೊಂಡೇ ಈ ವೃತ್ತಿ ಮಾಡಿದೆನೆಂದು ಹುಡುಗನ ಮುಂದೆ ಅಳುತ್ತಾನೆ. ದೊಡ್ಡವರ ಲೋಕ ಟೊಳ್ಳೆಂದು ಒಂದೇ ರಾತ್ರಿಯಲ್ಲಿ ಹುಡುಗನಿಗೆ ಅರಿವಾಗುತ್ತದೆ. ಕಿಟಕಿಯಾಚೆಯಿಂದ ಅವನು ನೋಡುವ ಕೊನೆಯ ದೃಶ್ಯವನ್ನು ಕಂಡವರು ಮರೆಯಲಾರರು. ಕೆನಡಾದ ವಿಮರ್ಶಕರ ಮತಗಣನೆಗಳಲ್ಲಿ 1984, 1993, 2004 ಹೀಗೆ ಮೂರು ಬಾರಿ ದೇಶದ ಸರ್ವಶ್ರೇಷ್ಠ ಚಿತ್ರವೆಂಬ ಸ್ಥಾನ ಇದಕ್ಕೇ ಸಿಕ್ಕಿತು. 2016ರಲ್ಲಿ ಜುತ್ರಾ ಅಪ್ರಾಪ್ತ ಹುಡುಗರ ಮೇಲೆ ದೌರ್ಜನ್ಯ ಎಸಗಿದ್ದರೆಂಬ ಆರೋಪಗಳು ಜೀವನಚರಿತ್ರೆಯೊಂದರಿಂದ ಹೊರಬಂದು, ಅವರ ಹೆಸರಿನ ಪ್ರಶಸ್ತಿಗಳ ಹೆಸರನ್ನೇ ಬದಲಿಸಲಾಯಿತು. ಹುಡುಗನೊಬ್ಬನ ಮುಗ್ಧತೆ ಕಳೆಯುವ ಈ ಕಥೆಯನ್ನು ಈಗ ಆ ನೆರಳನ್ನು ಬಿಟ್ಟು ನೋಡುವುದು ಕಷ್ಟ.

ಮೂರನೆಯದು ಮಿಷೆಲ್ ಬ್ರೋ ಅವರ 'ಲೆ ಝೋರ್ದ್ರ್' (ಆಜ್ಞೆಗಳು, 1974). 1970ರ ಅಕ್ಟೋಬರ್‌ನಲ್ಲಿ ಕ್ವಿಬೆಕ್ ಪ್ರತ್ಯೇಕತಾವಾದಿಗಳು ಇಬ್ಬರನ್ನು ಅಪಹರಿಸಿದಾಗ ಪ್ರಧಾನಿ ಪಿಯರ್ ಟ್ರೂಡೊ ಸರ್ಕಾರ ಯುದ್ಧಕಾಲದ ಕಾನೂನನ್ನು ಜಾರಿಗೆ ತಂದು ನಾಲ್ಕುನೂರೈವತ್ತಕ್ಕೂ ಹೆಚ್ಚು ಜನರನ್ನು ಬಂಧಿಸಿತು. ಬಹುತೇಕರ ಮೇಲೆ ಯಾವ ಆರೋಪವನ್ನೂ ಹೊರಿಸಲಿಲ್ಲ. ಹಾಗೆ ಬಂಧಿತರಾದವರ ಮಾತುಗಳನ್ನು ಸಂಗ್ರಹಿಸಿ ಬ್ರೋ ಐದು ಪಾತ್ರಗಳನ್ನು ರೂಪಿಸಿದರು. ಚಿತ್ರದಲ್ಲಿ ಹೊರಗಿನ ಬದುಕು ಕಪ್ಪು-ಬಿಳುಪು, ಸೆರೆಮನೆ ಬಣ್ಣದಲ್ಲಿದೆ. ಏಕೆ ಹಿಡಿದರೆಂದು ಯಾರೂ ಹೇಳುವುದಿಲ್ಲ, ಏಕೆ ಬಿಟ್ಟರೆಂದೂ ಹೇಳುವುದಿಲ್ಲ. 1975ರ ಕಾನ್ ಉತ್ಸವದಲ್ಲಿ ಶ್ರೇಷ್ಠ ನಿರ್ದೇಶನದ ಪ್ರಶಸ್ತಿಯಲ್ಲಿ ಇದಕ್ಕೂ ಪಾಲು ಸಿಕ್ಕಿತು.

ಚರ್ಮದೊಳಗಿನ ಭಯ

ಇಷ್ಟರಲ್ಲಿ ಸರ್ಕಾರ ಮತ್ತೊಂದು ಉಪಾಯ ಮಾಡಿತ್ತು. ಚಿತ್ರಕ್ಕೆ ಹೂಡಿದ ಹಣದ ಪೂರ್ತಿ ಮೊತ್ತವನ್ನು ತೆರಿಗೆ ಆದಾಯದಿಂದ ಕಳೆಯಬಹುದೆಂಬ ಸೌಲಭ್ಯ 1970ರ ದಶಕದ ನಡುವಿನಿಂದ 1982ರವರೆಗೆ ಜಾರಿಯಲ್ಲಿತ್ತು. ಚಿತ್ರದ ಗಂಧವೇ ಇಲ್ಲದವರೂ ತೆರಿಗೆ ಉಳಿಸಲು ನಿರ್ಮಾಪಕರಾದರು. ಟೊರಾಂಟೊ ನಗರ ನ್ಯೂಯಾರ್ಕಿನ ವೇಷ ಹಾಕಿತು. ಬಹುಪಾಲು ಚಿತ್ರಗಳು ಕಸದ ಬುಟ್ಟಿಗೆ ಸೇರಿದವು. ಆದರೂ ಅಗ್ಗದ ಭಯಾನಕ ಚಿತ್ರಗಳ ಒಂದು ಕಸುಬು ಬೆಳೆಯಿತು. ಅದಕ್ಕೆ ಮುನ್ನವೇ, 1974ರಲ್ಲಿ, ಬಾಬ್ ಕ್ಲಾರ್ಕ್ ಅವರ 'ಬ್ಲ್ಯಾಕ್ ಕ್ರಿಸ್‌ಮಸ್' ಬಂದಿತ್ತು. ಅಮೆರಿಕದ 'ಹ್ಯಾಲೋವೀನ್' ಬರುವ ನಾಲ್ಕು ವರ್ಷ ಮೊದಲೇ ಆ ಬಗೆಯ ಚಿತ್ರಗಳಿಗೆ ಅದು ದಾರಿ ತೋರಿಸಿತು. ಕೊಲೆಗಾರ ಯಾರೆಂದು ಅದು ಕೊನೆಗೂ ಹೇಳುವುದಿಲ್ಲ.

ಕ್ರೋನೆನ್‌ಬರ್ಗ್ ಬೆಳೆದದ್ದು ಈ ಕಾಲದಲ್ಲೇ. ಹೊರಗಿನಿಂದ ಬರುವ ಭೂತ ಪಿಶಾಚಿಗಳಲ್ಲಿ ಆತನಿಗೆ ಆಸಕ್ತಿಯಿಲ್ಲ. ಭಯ ನಮ್ಮ ದೇಹದಲ್ಲೇ ಇದೆ. ತನ್ನ ವಿಚ್ಛೇದನ ಮತ್ತು ಮಗಳಿಗಾಗಿ ನಡೆದ ಜಗ್ಗಾಟದ ನೋವಿನಿಂದ ಆತ 'ದಿ ಬ್ರೂಡ್' (1979) ಮಾಡಿದ. ಅದರಲ್ಲಿ ಹೆಣ್ಣೊಬ್ಬಳ ಸಿಟ್ಟು ಅಕ್ಷರಶಃ ಮಕ್ಕಳ ರೂಪ ತಾಳಿ ಹೊರಬಂದು ಕೊಲ್ಲುತ್ತದೆ. 'ವಿಡಿಯೊಡ್ರೋಮ್' (1983) ಟೊರಾಂಟೊದ ಸಣ್ಣ ಟೀವಿ ವಾಹಿನಿಯೊಂದರ ಮಾಲೀಕನ ಕಥೆ. ಹಿಂಸೆಯ ದೃಶ್ಯಗಳನ್ನು ನೋಡುತ್ತ ನೋಡುತ್ತ ಅವನ ಹೊಟ್ಟೆಯೇ ಕ್ಯಾಸೆಟ್ ತುರುಕುವ ಕಂಡಿಯಾಗುತ್ತದೆ. ಮಾಧ್ಯಮ ನಮ್ಮ ನರಮಂಡಲದ ವಿಸ್ತರಣೆ ಎಂದು ಬೋಧಿಸಿದ ಮಾರ್ಷಲ್ ಮೆಕ್ಲೂಹನ್ ಇದ್ದ ಊರು ಟೊರಾಂಟೊ ಎಂಬುದನ್ನು ಇಲ್ಲಿ ನೆನೆಯಬೇಕು. ಕೈಯಿಂದ ಫೋನು ಬಿಡಲಾರದ ಇಂದಿನವರಿಗೆ ಆ ಚಿತ್ರ ಅಷ್ಟೇನೂ ಉತ್ಪ್ರೇಕ್ಷೆಯೆನಿಸುವುದಿಲ್ಲ. 'ಡೆಡ್ ರಿಂಗರ್ಸ್' (1988) ಅವಳಿ ವೈದ್ಯರ ದುರಂತ. 1996ರ 'ಕ್ರ್ಯಾಶ್' ಮೋಟಾರು ಅಪಘಾತಗಳಲ್ಲಿ ಕಾಮವನ್ನು ಕಾಣುವ ಜನರ ಕಥೆ. ಕಾನ್‌ನಲ್ಲಿ ಅದಕ್ಕೆ ವಿಶೇಷ ಪ್ರಶಸ್ತಿ ಕೊಟ್ಟರು, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಪ್ರದೇಶದಲ್ಲಿ ಪ್ರದರ್ಶನಕ್ಕೆ ನಿಷೇಧ ಹೇರಿದರು.

ಕಿಂದರಿಜೋಗಿ ಹೋದ ಮೇಲೆ

ಈ ಪರಂಪರೆಯ ಅತ್ಯಂತ ಮಾನವೀಯ ಚಿತ್ರಕ್ಕೂ ಕನ್ನಡಿಗರಿಗೆ ಚಿರಪರಿಚಿತವಾದ ಒಂದು ಕಥೆಗೂ ನಂಟಿದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಗೆ ಮೂಲ ರಾಬರ್ಟ್ ಬ್ರೌನಿಂಗ್‌ನ 'ಪೈಡ್ ಪೈಪರ್' ಕವನವೆಂಬುದು ನಮಗೆಲ್ಲ ಗೊತ್ತು. ಅದೇ ಕವನ ಆಟಮ್ ಎಗೋಯನ್ ಅವರ 'ದಿ ಸ್ವೀಟ್ ಹಿಯರಾಫ್ಟರ್' (1997) ಚಿತ್ರದ ಬೆನ್ನೆಲುಬು.

ಎಗೋಯನ್ ಹುಟ್ಟಿದ್ದು ಈಜಿಪ್ಟಿನ ಕೈರೊದಲ್ಲಿ, ಅರ್ಮೇನಿಯನ್ ದಂಪತಿಗಳಿಗೆ. ಬೆಳೆದದ್ದು ಕೆನಡಾದ ಪಶ್ಚಿಮ ಕರಾವಳಿಯಲ್ಲಿ. 1987ರ ಮಾಂಟ್ರಿಯಲ್ ಉತ್ಸವವೊಂದರಲ್ಲಿ ಜರ್ಮನಿಯ ವಿಮ್ ವೆಂಡರ್ಸ್ ತಮಗೆ ಬಂದ ಪ್ರಶಸ್ತಿಯ ಹಣವನ್ನು, 'ಫ್ಯಾಮಿಲಿ ವ್ಯೂಯಿಂಗ್' ಮಾಡಿದ ಈ ಯುವಕನಿಗೆ ವೇದಿಕೆಯಲ್ಲೇ ದಾಟಿಸಿದ್ದರು. ಹತ್ತು ವರ್ಷದ ನಂತರ ಎಗೋಯನ್ ರಸೆಲ್ ಬ್ಯಾಂಕ್ಸ್ ಅವರ ಕಾದಂಬರಿಯನ್ನು ಎತ್ತಿಕೊಂಡು, ಕಥೆಯನ್ನು ಅಮೆರಿಕದಿಂದ ಕೆನಡಾದ ಪರ್ವತಪ್ರಾಂತ್ಯಕ್ಕೆ ತಂದರು. ಶಾಲಾ ಬಸ್ಸೊಂದು ರಸ್ತೆಯಿಂದ ಜಾರಿ ಹೆಪ್ಪುಗಟ್ಟಿದ ಕೆರೆಗೆ ಬೀಳುತ್ತದೆ. ಊರಿನ ಮಕ್ಕಳಲ್ಲಿ ಹೆಚ್ಚಿನವರು ಹೋಗಿಬಿಡುತ್ತಾರೆ. ಹೊರಗಿನಿಂದ ವಕೀಲನೊಬ್ಬ ಬಂದು, ಯಾರದೋ ತಪ್ಪಿರಲೇಬೇಕು, ಮೊಕದ್ದಮೆ ಹೂಡೋಣ ಎಂದು ಮನೆಮನೆಗೆ ಹೋಗುತ್ತಾನೆ. ಅವನ ಸ್ವಂತ ಮಗಳು ಮಾದಕವಸ್ತುವಿಗೆ ಬಲಿಯಾಗಿ ಅವನ ಕೈ ತಪ್ಪಿದವಳು.

ಬದುಕುಳಿದ ಹುಡುಗಿ ನಿಕೋಲ್ ಈಗ ಗಾಲಿಕುರ್ಚಿಯ ಮೇಲಿದ್ದಾಳೆ. ಅಪಘಾತದ ಮುಂಚೆ ಅವಳು ನೆರೆಮನೆಯ ಮಕ್ಕಳಿಗೆ ಓದಿ ಹೇಳುತ್ತಿದ್ದ ಕಥೆ ಕಿಂದರಿಜೋಗಿಯದೇ. ಮೂಲ ಕಾದಂಬರಿಯಲ್ಲಿ ಇದಿಲ್ಲ, ಇದು ಎಗೋಯನ್ ಸೇರಿಸಿದ್ದು. ಬ್ರೌನಿಂಗ್‌ನ ಕವನದಲ್ಲಿ ಮಕ್ಕಳೆಲ್ಲ ಬೆಟ್ಟದೊಳಗೆ ಹೋದ ಮೇಲೆ ಕುಂಟುವ ಹುಡುಗನೊಬ್ಬ ಹೊರಗೇ ಉಳಿಯುತ್ತಾನಲ್ಲವೇ? ನಿಕೋಲ್ ಆ ಮಗು. ಹಾಗಾದರೆ ಜೋಗಿ ಯಾರು? ವಕೀಲನೇ? ಮಗಳ ಮೇಲೆ ಗುಟ್ಟಾಗಿ ದೌರ್ಜನ್ಯ ನಡೆಸಿದ ಅವಳ ತಂದೆಯೇ? ಚಿತ್ರ ಉತ್ತರ ಹೇಳುವುದಿಲ್ಲ. ವಿಚಾರಣೆಯಲ್ಲಿ ನಿಕೋಲ್ ಒಂದು ಸುಳ್ಳು ಹೇಳುತ್ತಾಳೆ, ಆ ಒಂದು ಸುಳ್ಳಿನಿಂದ ಇಡೀ ಮೊಕದ್ದಮೆ ಕುಸಿಯುತ್ತದೆ. ಅದು ತಂದೆಗೆ ಅವಳು ಕೊಟ್ಟ ಶಿಕ್ಷೆ. ಪರಿಹಾರದ ಹಣಕ್ಕಾಗಿ ಒಬ್ಬರನ್ನೊಬ್ಬರು ಹರಿದುಕೊಳ್ಳುತ್ತಿದ್ದ ಊರಿಗೆ ಬಹುಶಃ ಬಿಡುಗಡೆ. ಆದರೆ ತಪ್ಪಿನ ಭಾರವೆಲ್ಲ ನಿರಪರಾಧಿಯಾದ ಬಸ್ ಚಾಲಕಿಯ ತಲೆಗೆ ಬರುತ್ತದೆ. ನ್ಯಾಯ ಸಿಕ್ಕಿತೆಂದು ಎದ್ದು ಬರುವಂತೆಯೂ ಇಲ್ಲ, ಅನ್ಯಾಯವಾಯಿತೆಂದು ಸಿಟ್ಟಾಗುವಂತೆಯೂ ಇಲ್ಲ. ಚಿತ್ರಕ್ಕೆ ಕಾನ್‌ನ ಗ್ರಾಂಡ್ ಪ್ರಿ ಬಂತು, ಎಗೋಯನ್‌ಗೆ ಎರಡು ಆಸ್ಕರ್ ನಾಮನಿರ್ದೇಶನಗಳು ಬಂದವು.

ಕತ್ತಲೆಯಲ್ಲೊಂದು ನಗು

ಇವೆಲ್ಲ ಬರೀ ಅಳುವಿನ ಚಿತ್ರಗಳೆಂದು ತಿಳಿಯಬಾರದು. ಚಳಿಗೆ ಹೆಸರಾದ ವಿನಿಪೆಗ್ ನಗರದ ಗೈ ಮ್ಯಾಡಿನ್ ಇಂದಿಗೂ ಮೂಕಿಚಿತ್ರಗಳ ಕಾಲದಲ್ಲೇ ಇರುವವರಂತೆ ಚಿತ್ರ ತೆಗೆಯುತ್ತಾರೆ. ಅವರ 'ಕೇರ್‌ಫುಲ್' (1992) ಚಿತ್ರದ ಪರ್ವತಗ್ರಾಮದಲ್ಲಿ ಗಟ್ಟಿಯಾಗಿ ಮಾತಾಡಿದರೆ ಹಿಮಕುಸಿತವಾದೀತೆಂದು ಜನ ಪಿಸುಗುಟ್ಟಿಯೇ ಬದುಕುತ್ತಾರೆ. ಅದುಮಿಟ್ಟ ಭಾವನೆಗಳ ಸಮಾಜಕ್ಕೆ ಇದಕ್ಕಿಂತ ಒಳ್ಳೆಯ ರೂಪಕ ಬೇಕೆ? 'ದಿ ಸ್ಯಾಡೆಸ್ಟ್ ಮ್ಯೂಸಿಕ್ ಇನ್ ದಿ ವರ್ಲ್ಡ್' (2003) ಚಿತ್ರದಲ್ಲಿ ಆರ್ಥಿಕ ಮುಗ್ಗಟ್ಟಿನ ಕಾಲದ ಬಿಯರ್ ಒಡತಿಯೊಬ್ಬಳು ಜಗತ್ತಿನ ಅತಿ ದುಃಖದ ಸಂಗೀತಕ್ಕೆ ಬಹುಮಾನ ಸಾರುತ್ತಾಳೆ. ಕಾಲು ಕಳೆದುಕೊಂಡ ಅವಳಿಗೆ ಬಿಯರ್ ತುಂಬಿದ ಗಾಜಿನ ಕಾಲುಗಳು!

ವಿನ್ಸೆಂಜೊ ನಟಾಲಿಯ 'ಕ್ಯೂಬ್' (1997) ಚಿತ್ರದಲ್ಲಿ ಅಪರಿಚಿತರು ಕೊನೆಯಿಲ್ಲದ ಚೌಕಕೋಣೆಗಳ ಜಾಲದಲ್ಲಿ ಕಣ್ಣು ತೆರೆಯುತ್ತಾರೆ. ಹಣದ ಕೊರತೆಯಿಂದ ಕಟ್ಟಿದ ಕೋಣೆ ಒಂದೇ, ಗೋಡೆಯ ಬಣ್ಣ ಬದಲಿಸಿ ಅದನ್ನೇ ನೂರಾರು ಕೋಣೆಗಳಾಗಿ ತೋರಿಸಿದರು. ಈ ಯಂತ್ರವನ್ನು ಕಟ್ಟಿದ ದುಷ್ಟ ಯಾರು ಎಂದು ಎಲ್ಲರೂ ಹುಡುಕುತ್ತಿರುವಾಗ ಅವರಲ್ಲೇ ಒಬ್ಬ, ಇದರ ಹೊರಕವಚದ ನಕ್ಷೆ ಬರೆದವನು ನಾನೇ, ಸಂಬಳಕ್ಕೆ ಬರೆದೆ, ಇದರ ಹಿಂದೆ ಯಾರೂ ಇಲ್ಲ ಎನ್ನುತ್ತಾನೆ. ಸರ್ಕಾರಿ ಕಚೇರಿಗಳಲ್ಲಿ ಅಲೆದವರಿಗೆ ಈ ಮಾತಿನ ಭಯ ಬೇಗ ತಿಳಿಯುತ್ತದೆ.

ಏಕೆ ಹೀಗೆ?

ಕಾರಣವನ್ನು ಹಲವರು ಹುಡುಕಿದ್ದಾರೆ. ಲೇಖಕಿ ಮಾರ್ಗರೆಟ್ ಅಟ್‌ವುಡ್ 1972ರ 'ಸರ್ವೈವಲ್' ಪುಸ್ತಕದಲ್ಲಿ, ಕೆನಡಾದ ಸಾಹಿತ್ಯದ ಮೂಲ ಪ್ರತಿಮೆ ಗೆಲುವಲ್ಲ, ಹೇಗೋ ಬದುಕಿ ಉಳಿಯುವುದು ಎಂದರು. ಮರುವರ್ಷ ರಾಬರ್ಟ್ ಫಾದರ್‌ಗಿಲ್, ಕೆನಡಾದ ಚಿತ್ರಗಳ ಗಂಡಸರು ಹೇಡಿ, ಪುಂಡ ಅಥವಾ ಕೋಡಂಗಿ ಮಾತ್ರ ಎಂದು ತೋರಿಸಿ, ಯಶಸ್ವಿ ಅಣ್ಣನ ನೆರಳಲ್ಲಿ ಬೆಳೆದ ತಮ್ಮನ ಮನಸ್ಸು ಇದೆಂದು ವಿವರಿಸಿದರು. ಅಣ್ಣನೆಂದರೆ ಅಮೆರಿಕ. ಹಿಮ, ಚಳಿ, ಉದ್ದನೆಯ ರಾತ್ರಿಗಳ ಮಾತನ್ನಂತೂ ಎಲ್ಲರೂ ಆಡುತ್ತಾರೆ.

ಈ ವಿವರಣೆಗಳಲ್ಲಿ ಸತ್ಯವಿದೆ. ಆದರೆ ಇವೆಲ್ಲಕ್ಕಿಂತ ಸರಳವಾದ ಕಾರಣವೊಂದು ಹಣದಲ್ಲಿದೆ. ಇಂಗ್ಲಿಷ್ ಕೆನಡಾದ ಚಿತ್ರಮಂದಿರಗಳ ಗಳಿಕೆಯಲ್ಲಿ ಸ್ವದೇಶಿ ಚಿತ್ರಗಳ ಪಾಲು ನೂರಕ್ಕೆ ಐದನ್ನು ಮುಟ್ಟಿದ್ದೇ ಅಪರೂಪ. ಸೂಪರ್ ಹೀರೊ ಚಿತ್ರ ತೆಗೆಯಲು ಬಂಡವಾಳವಿಲ್ಲ, ತೆಗೆದರೂ ಅದನ್ನು ಅಣ್ಣ ಇನ್ನೂ ಚೆನ್ನಾಗಿ ತೆಗೆಯುತ್ತಾನೆ. ಸಾರ್ವಜನಿಕ ನಿಧಿ ಇರುವುದರಿಂದ ಚಿತ್ರ ಹೇಗೋ ತಯಾರಾಗುತ್ತದೆ. ಮೆಚ್ಚಿಸಬೇಕಾದ ದೊಡ್ಡ ಪ್ರೇಕ್ಷಕ ಸಮೂಹ ಮೊದಲೇ ಕೈತಪ್ಪಿರುವುದರಿಂದ ಸುಖಾಂತ್ಯದ ಹಂಗಿಲ್ಲ. ಕಳೆದುಕೊಳ್ಳಲು ಏನೂ ಇಲ್ಲದವನಿಗೆ ಸಿಗುವ ಸ್ವಾತಂತ್ರ್ಯ ಇದು. ಕೊರತೆಯೇ ಕಲೆಗೆ ದಾರಿಯಾಯಿತು.

ಇದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಉತ್ಸವಗಳು ಮೆಚ್ಚಿದ ಚಿತ್ರಗಳನ್ನು ಊರಿನವರು ನೋಡಲಿಲ್ಲ. ವಿಲಕ್ಷಣತೆಯೇ ಒಂದು ರೂಢಿಯಾಗಿ, ವಿಚಿತ್ರವಾಗಿದ್ದರೆ ಸಾಕೆಂಬ ಚಿತ್ರಗಳೂ ಬಂದವು. ಫುಲ್‌ಫೋರ್ಡ್ ಎತ್ತಿದ ಪ್ರಶ್ನೆ ಮತ್ತೆ ಮತ್ತೆ ಎದ್ದಿತು. 1999ರಲ್ಲಿ ಆಲ್ಬರ್ಟಾದ ಶಾಲೆಯೊಂದರಲ್ಲಿ ಗುಂಡು ಹಾರಿದ ಬೆನ್ನಿಗೆ, ಹದಿಹರೆಯದ ಹುಡುಗಿ ತೋಳವಾಗುವ 'ಜಿಂಜರ್ ಸ್ನ್ಯಾಪ್ಸ್' ಚಿತ್ರಕ್ಕೆ ಸರ್ಕಾರಿ ಹಣವೇಕೆಂದು ಪತ್ರಿಕೆಗಳು ಕೇಳಿದವು. 2000ದಲ್ಲಿ ಚಿತ್ರ ಬಂದಾಗ, ಹೆಣ್ಣುಮಗಳೊಬ್ಬಳು ಪ್ರಾಯಕ್ಕೆ ಬರುವ ಸಂಕಟವನ್ನು ಇಷ್ಟು ನೇರವಾಗಿ ಹೇಳಿದ ಭಯಾನಕ ಚಿತ್ರ ಅಪರೂಪವೆಂದು ಅನೇಕರು ಒಪ್ಪಿದರು.

ಮುಂದೆ ಈ ಹಾದಿ ಇನ್ನಷ್ಟು ಅಗಲವಾಯಿತು. 2001ರಲ್ಲಿ ಝಕರಿಯಾಸ್ ಕುನುಕ್ ಇನುಯಿಟ್ ಜನರ ಭಾಷೆಯಲ್ಲೇ 'ಅಟನರ್ಜುವಾಟ್' ಮಾಡಿದರು. 2015ರ ಮತಗಣನೆಯಲ್ಲಿ ಜುತ್ರಾರ ಚಿತ್ರವನ್ನು ಹಿಂದಿಕ್ಕಿ ಮೊದಲ ಸ್ಥಾನಕ್ಕೆ ಬಂದದ್ದು ಅದೇ. ವಾರಾಣಸಿಯಲ್ಲಿ ವಿರೋಧದಿಂದ ನಿಂತುಹೋಗಿ ಶ್ರೀಲಂಕಾದಲ್ಲಿ ಪೂರ್ಣಗೊಂಡ ದೀಪಾ ಮೆಹ್ತಾ ಅವರ 'ವಾಟರ್' (2005), ಹಿಂದಿ ಚಿತ್ರವಾಗಿಯೂ ಕೆನಡಾದ ಪರವಾಗಿ ಆಸ್ಕರ್ ಕಣದಲ್ಲಿತ್ತು. ನಮ್ಮ ವಿಧವೆಯರ ಕತ್ತಲೆಗೂ ಆ ದೇಶದ ತೆರೆಯ ಮೇಲೆ ಜಾಗ ಸಿಕ್ಕಿತು.

ಈ ಚಿತ್ರಗಳ ಆಕರ್ಷಣೆ ಏನೆಂದು ಕೇಳಿದರೆ ಡಾನ್ ಮೆಕೆಲರ್ ಅವರ 'ಲಾಸ್ಟ್ ನೈಟ್' (1998) ಚಿತ್ರದ ಒಂದು ಪಾತ್ರವನ್ನು ತೋರಿಸಬಹುದು. ಆ ರಾತ್ರಿ ಹನ್ನೆರಡಕ್ಕೆ ಲೋಕ ಮುಗಿಯಲಿದೆ. ಕಾರಣ ಹೇಳುವುದಿಲ್ಲ, ತಡೆಯಲು ಹೊರಟ ವೀರರೂ ಇಲ್ಲ. ಹಾಲಿವುಡ್ ಆಗಿದ್ದರೆ ರಾಕೆಟ್ಟುಗಳು ಹಾರುತ್ತಿದ್ದವು. ಇಲ್ಲಿ ಟೊರಾಂಟೊದ ಗ್ಯಾಸ್ ಕಂಪನಿಯ ಅಧಿಕಾರಿಯೊಬ್ಬ ಖಾಲಿ ಕಚೇರಿಯಲ್ಲಿ ಕುಳಿತು ಗ್ರಾಹಕರಿಗೆ ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದಾನೆ. ಇಷ್ಟು ವರ್ಷ ನಮ್ಮೊಡನೆ ಇದ್ದಿರಿ, ಕೃತಜ್ಞತೆಗಳು, ಕೊನೆಯ ಗಳಿಗೆಯವರೆಗೂ ಗ್ಯಾಸ್ ಬರುವಂತೆ ನೋಡಿಕೊಳ್ಳುತ್ತೇವೆ ಎನ್ನುತ್ತಾನೆ. ಆ ಪಾತ್ರ ಮಾಡಿದವರು ಡೇವಿಡ್ ಕ್ರೋನೆನ್‌ಬರ್ಗ್. ಇಪ್ಪತ್ಮೂರು ವರ್ಷ ಹಿಂದೆ ಯಾರ ಚಿತ್ರಕ್ಕೆ ತೆರಿಗೆಯ ಹಣ ಪೋಲಾಯಿತೆಂದು ಸಂಸತ್ತು ಕೇಳಿತ್ತೋ ಅವರೇ. ಲೋಕ ಉಳಿಯುವುದಿಲ್ಲ ಎಂಬುದನ್ನು ಮುಚ್ಚಿಡದೆ, ಆದರೂ ಗ್ಯಾಸ್ ಒಲೆ ಉರಿಯುತ್ತಿರಲಿ ಎಂದು ಚಿಂತಿಸುವ ಆ ಮನುಷ್ಯನನ್ನು ಕಂಡಾಗ ನಗು ಬರುತ್ತದೆ, ಅದರ ಹಿಂದೆಯೇ ಗಂಟಲು ಕಟ್ಟುತ್ತದೆ.